ಮೇರು ನಿರ್ದೇಶಕರೂ ಹೊಸ ತಂತ್ರವೂ

ಇಂದಿನ ಗ್ರಾಫಿಕ್ಸ್ ತಂತ್ರಜ್ಞಾನ ಹಿಂದಿನ ಮೇರು ನಿರ್ದೇಶಕರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ಅವರು ಅದನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ ಎಂದು ವಾದಿಸುವವರುಂಟು. ಈ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ.

ಸ್ಟ್ಯಾನ್ಲಿ ಕುಬ್ರಿಕ್ ‘ಎ.ಐ.’ ಚಿತ್ರವನ್ನು ವರ್ಷಗಟ್ಟಲೆ ಮುಂದೂಡಿದ್ದಕ್ಕೆ, ಯಂತ್ರಬಾಲಕನನ್ನು ನಂಬುವಂತೆ ತೋರಿಸುವ ತಂತ್ರ ಇನ್ನೂ ಬಂದಿಲ್ಲವೆಂಬುದು ಒಂದು ಕಾರಣವಾಗಿತ್ತು. 1993ರಲ್ಲಿ ‘ಜುರಾಸಿಕ್ ಪಾರ್ಕ್’ ತೆರೆಕಂಡ ಮೇಲೆ ಅವರಿಗೆ ಭರವಸೆ ಮೂಡಿತು. ಆದರೆ 1999ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ಚಿತ್ರವನ್ನು ತೆರೆಗೆ ತಂದವರು ಸ್ಟೀವನ್ ಸ್ಪಿಲ್‌ಬರ್ಗ್. 1985ರ ‘ರಾನ್’ ಚಿತ್ರಕ್ಕಾಗಿ ಕೋಟೆಯನ್ನೇ ಕಟ್ಟಿಸಿ ಸುಟ್ಟ ಅಕಿರಾ ಕುರೋಸಾವಾ, 1990ರ ‘ಡ್ರೀಮ್ಸ್’ನಲ್ಲಿ ವ್ಯಾನ್ ಗೋನ ವರ್ಣಚಿತ್ರಗಳೊಳಗೆ ಪಾತ್ರವೊಂದನ್ನು ನಡೆದಾಡಿಸಲು ಹಾಲಿವುಡ್ ತಂತ್ರಜ್ಞರ ನೆರವು ಪಡೆದರು. ಹೊಸ ಸಾಧನದ ಬಗ್ಗೆ ಅವರಿಗೆ ಮಡಿವಂತಿಕೆಯಿರಲಿಲ್ಲ. ಅದರಿಂದ ಆಗಬೇಕಾದ ಕೆಲಸವೇನೆಂಬ ಸ್ಪಷ್ಟತೆಯಿತ್ತು.

ಕೊರತೆಯಿರುವಲ್ಲಿ ಆಯ್ಕೆ ಅನಿವಾರ್ಯವೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಸತ್ಯಜಿತ್ ರಾಯ್ 1969ರ ‘ಗೂಪಿ ಗಾಯನ್ ಬಾಘಾ ಬಾಯನ್’ ಚಿತ್ರವನ್ನು ಹಣದ ಅಭಾವದಿಂದ ಕಪ್ಪು-ಬಿಳುಪಿನಲ್ಲಿ ತೆಗೆದು, ಕಟ್ಟಕಡೆಗೆ ಮಾತ್ರ ಬಣ್ಣ ಬಳಸಿದರು. ಅವರಿಗೆ ಸಾಕಷ್ಟು ಹಣವಿದ್ದಿದ್ದರೆ ಇಡೀ ಚಿತ್ರ ವರ್ಣಮಯವಾಗುತ್ತಿತ್ತೇನೋ. ಆದರೆ ಇಂದು ನಾವು ಅದಕ್ಕೆ ಬಣ್ಣ ತುಂಬಿದರೆ ಕೊನೆಯ ಆ ವಿಸ್ಮಯವೇ ಅಳಿಸಿಹೋಗುತ್ತದೆ.

ನಿಜವಾದ ಆತಂಕವಿರುವುದು ಇಲ್ಲಿಯೇ. ‘ಅವರಿಗೆ ಸಿಕ್ಕಿದ್ದರೆ ಬಳಸುತ್ತಿದ್ದರು’ ಎಂಬ ಊಹೆ, ‘ಅವರ ಪರವಾಗಿ ನಾವೇ ಬಳಸೋಣ’ ಎಂಬ ಅಧಿಕಾರವಾಗಿ ಬದಲಾಗುತ್ತಿದೆ. ತಮ್ಮದೇ ‘ಇ.ಟಿ.’ಯನ್ನು 2002ರಲ್ಲಿ ತಿದ್ದಿ, ಅಧಿಕಾರಿಗಳ ಕೈಯ ಬಂದೂಕುಗಳನ್ನು ವಾಕಿಟಾಕಿಗಳಾಗಿಸಿದ ಸ್ಪಿಲ್‌ಬರ್ಗ್ ಬಳಿಕ ಪಶ್ಚಾತ್ತಾಪಪಟ್ಟು, ಮೂಲ ರೂಪಕ್ಕೇ ಮರಳಿದರು. ಬದುಕಿರುವವರು ಹೀಗೆ ಮನಸ್ಸು ಬದಲಿಸಬಲ್ಲರು. ಗತಿಸಿದವರಿಗೆ ಆ ಅವಕಾಶವೆಲ್ಲಿ? 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ತುಂಬಿದಾಗ ಅದರ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಯವರು ಬದುಕಿರಲಿಲ್ಲ.

ಹೊಸ ಪ್ರೇಕ್ಷಕರನ್ನು ಸೆಳೆಯುವ ಇಂಥ ಪ್ರಯತ್ನಗಳನ್ನು ನಿಷೇಧಿಸಬೇಕಿಲ್ಲ. ಆದರೆ ಮೂಲ ಪ್ರತಿಯೂ ಅಷ್ಟೇ ಸುಲಭವಾಗಿ ದೊರೆಯಬೇಕು; ಬದಲಾವಣೆಯನ್ನು ಚಿತ್ರದ ಆರಂಭದಲ್ಲಿಯೇ ತಿಳಿಸಬೇಕು. ರಾಷ್ಟ್ರೀಯ ಚಲನಚಿತ್ರ ಪರಂಪರೆ ಅಭಿಯಾನದಂಥ ಯೋಜನೆಗಳಲ್ಲಿ ತೊಡಗಿಸುವ ಸಾರ್ವಜನಿಕ ಹಣ ಗೀರು, ಕಲೆಗಳನ್ನು ತೆಗೆಯಲು, ಧ್ವನಿಯನ್ನು ಉಳಿಸಲು ವಿನಿಯೋಗವಾಗಲಿ. ಚಿತ್ರವನ್ನು ‘ಸುಧಾರಿಸಲು’ ಅಲ್ಲ. ಕೃತಕ ಬುದ್ಧಿಮತ್ತೆಯಿಂದ ತಿದ್ದುವ ಖರ್ಚು ದಿನೇ ದಿನೇ ಇಳಿಯುತ್ತಿರುವಾಗ ಈ ಗೆರೆಯನ್ನು ಈಗಲೇ ಎಳೆಯುವುದು ಲೇಸು. ಜೀರ್ಣೋದ್ಧಾರದ ಹೆಸರಿನಲ್ಲಿ ಮೂಲವಿಗ್ರಹವನ್ನೇ ಬದಲಿಸಬಾರದು.