ಹನಿಮದ್ದಿಗೊಂದು ಅಲಾರಾಂ
ಬಹುಮಟ್ಟಿಗೆ ನೋವಿಲ್ಲದೆ ಬೆಳೆಯುವ ವ್ಯಾಧಿಗೆ ಮದ್ದು ಹಾಕಿಕೊಳ್ಳಲು ಮರೆಯುವುದು ಮನುಷ್ಯಸಹಜವೇ ಆದರೂ, ಗ್ಲಾಕೋಮಾದಲ್ಲಿ ನಷ್ಟವಾದ ದೃಷ್ಟಿ ಮರಳಿ ಬಾರದೆಂಬುದನ್ನೂ, ಲಟಾನೋಪ್ರಾಸ್ಟ್‌ನಂತಹ ಹನಿಮದ್ದು ನೇತ್ರದೊಳಗಿನ ಒತ್ತಡವನ್ನು ಇಳಿಸಿ ಉಳಿದುದನ್ನು ಕಾಯಲು ಯತ್ನಿಸುವುದೇ ಹೊರತು ಕಳೆದುದನ್ನು ತಂದುಕೊಡದೆಂಬುದನ್ನೂ ಬಲ್ಲವರು ಈ ಮರೆವನ್ನು ಅಲ್ಪವೆಂದು ಎಣಿಸಲಾರರು. ರಾತ್ರಿ 9ಕ್ಕೆ ಕೂಗುವ ಮೊಬೈಲಿನ ಅಲಾರಾಂ ಇಲ್ಲಿ ನಿಜಕ್ಕೂ ಉಪಕಾರಿ. ಆದರೆ ನಡುಗುವ ಬೆರಳುಗಳಿಂದ ಜಾರಿದ ಹನಿ ಕೆನ್ನೆಯ ಮೇಲೆ ಹರಿದುಹೋದುದನ್ನು ಆ ಯಂತ್ರವೆಂತು ಅರಿತೀತು? (ಅಲಾರಾಂ ಆರಿಸಿ ಮಲಗುವವರೂ ಉಂಟಷ್ಟೆ!) ಆದುದರಿಂದ ವೈದ್ಯರು ಅಲಾರಾಂ ಆ್ಯಪ್ ಸೂಚಿಸುವ ಮುನ್ನ ರೋಗಿಯ ಕೈಗೆ ಸೀಸೆಯನ್ನಿತ್ತು, ಕೆಳರೆಪ್ಪೆಯನ್ನೆಳೆದು ಹನಿ ಹಾಕಿಸಿ, ಕಣ್ಣು ಮುಚ್ಚಿಸಿ, ಮೂಗಿನ ಬದಿಯ ಮೂಲೆಯನ್ನು ಮೆಲ್ಲನೆ ಒತ್ತಿಹಿಡಿಯುವುದನ್ನು ಕಲಿಸಲಿ, ಮಕ್ಕಳ ಮೊಬೈಲಿಗೂ ಅಲಾರಾಂನ ಸೂಚನೆ ತಲಪುವ ಏರ್ಪಾಡು ತದನಂತರ ಆಗಲಿ.