ಮನುಷ್ಯ ಮುಟ್ಟದ ನದಿಯಂತೆ!

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಫ್ರಾಂಕ್ಲಿನ್ ಅಂತ ಒಂದು ಕಾಡುನದಿ. ಕರೆಂಟಿಗಾಗಿ ರಾಜ್ಯ ಸರ್ಕಾರ ಅದನ್ನು ಮುಳುಗಿಸಲು ಹೊರಟಾಗ, 1982ರ ಡಿಸೆಂಬರಿನಿಂದ ಜನ ದೋಣಿ ಅಡ್ಡ ಹಾಕಿ ನಿಂತರು. ಸಾವಿರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. 1983ರ ಜುಲೈ 1ರಂದು ಅಲ್ಲಿನ ಹೈಕೋರ್ಟು 4–3ರ ತೀರ್ಪು ಕೊಟ್ಟಿತು. ಕೆಲಸ ನಿಂತಿತು, ನದಿ ಉಳಿಯಿತು. ಆ ಹೋರಾಟಕ್ಕೆ ನಮ್ಮ ಶರಣು.

ಆದರೆ ಅದನ್ನು ನೆನೆಯುವವರು 'ಮನುಷ್ಯ ಮುಟ್ಟದ ನದಿ' ಅಂತಾರಲ್ಲ, ಯಾರು ಮುಟ್ಟಿದರೆ ಮುಟ್ಟಿದ ಲೆಕ್ಕ? ಅದೇ ದಂಡೆಯ ಕುಟಿಕಿನಾ ಗುಹೆಯಲ್ಲಿ ಕಲ್ಲಿನ ಆಯುಧ, ಒಲೆಯ ಬೂದಿ, ಪ್ರಾಣಿಗಳ ಮೂಳೆ ಸಿಕ್ಕವು. ಸುಮಾರು 20,000 ವರ್ಷದ ಹಿಂದೆ ಅಲ್ಲಿ ಒಲೆ ಉರಿದಿತ್ತು. ಆ ಮೂಲನಿವಾಸಿಗಳನ್ನು ಬಿಳಿಯರು ಕೊಂದರು, ಬೇರೆ ದ್ವೀಪಕ್ಕೆ ಅಟ್ಟಿದರು, ಕುಲವೇ ಅಳಿಯಿತು ಅಂತ ಪುಸ್ತಕದಲ್ಲಿ ಬರೆದರು. ಅಳಿಯಲಿಲ್ಲ. ಅವರ ಮಕ್ಕಳೂ ಹೋರಾಟದಲ್ಲಿದ್ದರು. ಅವರ ಪೂರ್ವಿಕರ ಗುಹೆಗಳೂ ಕೋರ್ಟಿನಲ್ಲಿ ನದಿಯ ಪರ ವಾದವಾದವು. ಕುಟಿಕಿನಾ ಮಾತ್ರ ಅವರ ಕೈಗೆ ಮರಳಲು 1995 ಬರಬೇಕಾಯಿತು.

ಈ ಆಟ ನಮಗೆ ಹೊಸದಲ್ಲ. ಕೇರಿಯನ್ನು ಬಿಟ್ಟು ಊರಿನ ಚರಿತ್ರೆ ಬರೆದವರನ್ನು ನಾವು ಬಲ್ಲೆವು. ನದಿ ಉಳಿಸಿದವರನ್ನು ನೆನೆಯೋಣ. ಆದರೆ ಅಲ್ಲಿ ಒಲೆ ಹಚ್ಚಿದವರನ್ನು ಅಳಿಸಿ ಅಲ್ಲ.