ಮನೆ ತೋರಿಸುವಾಗ ಹೇಳದ ಮಾತು

ವಿಜಯಪುರಕ್ಕೆ ವರ್ಗವಾಗಿ ಬರುವ ಬ್ಯಾಂಕಿನವರು, ವೈದ್ಯಕೀಯ ಕಾಲೇಜುಗಳಿಗೆ ಓದಲು ಬರುವ ಹುಡುಗ ಹುಡುಗಿಯರು, ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಬಂದವರು ಬಾಡಿಗೆ ಮನೆ ನೋಡುವಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಳದ ನೀರು ಎಷ್ಟು ದಿನಕ್ಕೊಮ್ಮೆ? ಬೋರ್ ಇದೆಯೇ? ಕರೆಂಟ್ ಮೀಟರ್ ಬೇರೆಯೇ? ಡಿಪಾಸಿಟ್ ಎಷ್ಟು? ಬರಗಾಲ ಕಂಡ ಜಿಲ್ಲೆಯಲ್ಲಿ ನೀರಿನ ಮಾತು ಮೊದಲು ಬರುವುದು ಸಹಜವೇ. ಸಪ್ಪಳದ ಮಾತನ್ನು ಮಾತ್ರ ಬಂದವರು ಎತ್ತುವುದಿಲ್ಲ, ಮನೆಯವರು ತಾವಾಗಿ ಹೇಳುವುದೂ ಇಲ್ಲ. ಮನೆ ತೋರಿಸುವುದು ಸಾಮಾನ್ಯವಾಗಿ ಮಧ್ಯಾಹ್ನ. ಆ ಹೊತ್ತಿನಲ್ಲಿ ಜೋರಾಪುರ ಪೇಟೆಯಂಥ ಹಳೆಯ ಭಾಗದಲ್ಲೂ ಬಿಸಿಲಿಗೆ ಜನ ಬಾಗಿಲು ಮುಂದೆ ಮಾಡಿಕೊಂಡು ಮಲಗಿರುತ್ತಾರೆ. ಅಡ್ವಾನ್ಸ್ ಕೊಟ್ಟು ಸಾಮಾನು ಇಳಿಸಿದ ಮೇಲೆಯೇ ನೀರು ಬಿಟ್ಟ ರಾತ್ರಿ ಒಟ್ಟಿಗೇ ಶುರುವಾಗುವ ಮೋಟರುಗಳು, ಕೆಳಗಿನ ಅಂಗಡಿಯ ಶಟರು, ಮದುವೆ ಹಂಗಾಮಿನ ಡಿಜೆ ಒಂದೊಂದಾಗಿ ಪರಿಚಯವಾಗುವುದು.

ಹೊಸಬರು ಬಾಯಿ ಬಿಟ್ಟರೆ ಸಿಗುವ ಉತ್ತರವೂ ಸಿದ್ಧವಾಗಿದೆ: ‘ನೀವು ಬರೂಕಿಂತ ಮೊದಲಿಂದನೂ ಹಿಂಗ ಐತ್ರಿ, ಸ್ವಲ್ಪ ಹೊಂದ್ಕೊಂಡು ಹೋಗ್ರಿ.’ ಈ ಮಾತು ಎಷ್ಟರ ಮಟ್ಟಿಗೆ ನ್ಯಾಯ?

ಅರ್ಧ ನ್ಯಾಯ ಎಂದು ನಾನು ಒಪ್ಪುತ್ತೇನೆ. ಪೇಟೆಯೆಂದರೆ ದುಡಿದು ಬದುಕುವವರ ಜಾಗ. ನಸುಕಿನಲ್ಲಿ ಹಾಲಿನವನ ಗಾಡಿ, ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ, ಹಿಟ್ಟಿನ ಗಿರಣಿ, ಕಟ್ಟೆಯ ಮೇಲೆ ಕೂತವರ ಏರುದನಿಯ ಹರಟೆ ಇವೆಲ್ಲ ಓಣಿಯ ಉಸಿರಾಟ. ಇಂಥಲ್ಲಿಗೆ ಬಂದು ಹೊರವಲಯದ ಹೊಸ ಲೇಔಟಿನ ಮೌನ ಕೇಳುವುದು, ಇಲ್ಲಿ ತಲೆಮಾರುಗಳಿಂದ ಬದುಕಿದವರಿಗೆ ಬದುಕನ್ನು ತುಸು ಮೆಲ್ಲಗೆ ನಡೆಸಿ ಎಂದು ಅಪ್ಪಣೆ ಮಾಡಿದಂತೆ. ಹೆಚ್ಚು ಬಾಡಿಗೆ ಕೊಡಬಲ್ಲವರಿಗೆ ಆ ಅಧಿಕಾರವಿಲ್ಲ.

ಉಳಿದರ್ಧಕ್ಕೆ 1879ರಲ್ಲಿ ಲಂಡನ್ನಿನಲ್ಲಿ ತೀರ್ಮಾನವಾದ ಒಂದು ಮೊಕದ್ದಮೆ ನೆನಪಾಗುತ್ತದೆ. ಕಾನೂನು ಓದುವವರಿಗೆ ಅದು ಸ್ಟರ್ಜಸ್ ಮತ್ತು ಬ್ರಿಡ್ಜ್‌ಮನ್ ಪ್ರಕರಣವೆಂದು ಪರಿಚಿತ. ಒಬ್ಬ ಮಿಠಾಯಿ ವ್ಯಾಪಾರಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತನ್ನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟಿಸುತ್ತಿದ್ದ. ಹಿಂದಿನ ಮನೆಯ ವೈದ್ಯರು ತಮ್ಮ ತೋಟದ ತುದಿಯಲ್ಲಿ, ಅದೇ ಗೋಡೆಗೆ ಹೊಂದಿಕೊಂಡು, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ ಮೇಲೆ ಅದು ತೊಂದರೆಯಾಯಿತು. ‘ನಾನು ಮೊದಲಿನಿಂದ ಕುಟ್ಟುತ್ತಿದ್ದೇನೆ’ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ; ವೈದ್ಯರು ಗೆದ್ದರು. ಆದರೆ ಯಾವುದು ಉಪದ್ರವ ಎಂಬುದು ಆ ಪ್ರದೇಶದ ಗುಣವನ್ನೂ ನೋಡಿ ನಿರ್ಧಾರವಾಗಬೇಕು, ಶ್ರೀಮಂತರ ಚೌಕದ ಅಳತೆಯನ್ನು ಕಸುಬುದಾರರ ಬೀದಿಗೆ ಹಚ್ಚಲಾಗದು ಎಂದೂ ಅದೇ ತೀರ್ಪು ಹೇಳಿತು. ಮೊದಲು ಬಂದವರೆಂಬ ಕಾರಣಕ್ಕೆ ಸಪ್ಪಳ ಮಾಡುವ ಹಕ್ಕು ಹುಟ್ಟುವುದಿಲ್ಲ. ಹಾಗೆಂದು ಬೀದಿಯ ಸ್ವಭಾವವನ್ನು ಕಡೆಗಣಿಸುವಂತೆಯೂ ಇಲ್ಲ. ನಮ್ಮ ಪೇಟೆಯ ಜಗಳಕ್ಕೂ ಈ ಎರಡೂ ಮಾತು ಒಟ್ಟಿಗೇ ಬೇಕು.

ಮನೆಗಳ ವಿಚಾರಕ್ಕೂ ಸ್ವಲ್ಪ ಬರಬೇಕು, ಏಕೆಂದರೆ ಹೊಸಬರ ಆಯ್ಕೆಯಲ್ಲೇ ಒಂದು ತಪ್ಪಿದೆ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದಲ್ಲಿ, ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು ಸುಮಾರು 38 ಮೀಟರ್ ಆಚೆಯ ಎದುರು ಬದಿಗೆ ಕೇಳುವುದು ಬಾಗಿದ, ಗಟ್ಟಿ, ನುಣುಪು ಗೋಡೆಯಿಂದ. ಅಂಥ ಮೇಲ್ಮೈ ದನಿಯನ್ನು ಹೀರುವುದಿಲ್ಲ, ಮುಂದಕ್ಕೆ ಸಾಗಿಸುತ್ತದೆ. ಇಂದಿನ ಬಾಡಿಗೆ ಮನೆಯ ಟೈಲ್ಸು, ಸಿಮೆಂಟು ಗಿಲಾವು, ಗಾಜುಗಳೂ ದನಿಯನ್ನು ಹೀರುವುದಿಲ್ಲ. ಒಳಗೆ ನುಗ್ಗಿದ ಸಪ್ಪಳ ಅಲ್ಲೇ ತಿರುತಿರುಗಿ ಮೊಳಗುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಯ ರೀತಿ ಬೇರೆ. ಮೊಳದುದ್ದ ದಪ್ಪದ ಕಲ್ಲು-ಮಣ್ಣಿನ ಗೋಡೆ, ಬೀದಿಯ ಕಡೆಗೆ ಸಣ್ಣ ಕಿಂಡಿ, ಮೇಲೆ ಮಣ್ಣಿನ ಭಾರ. ಗೋಡೆಯ ತೂಕ ಇಮ್ಮಡಿಯಾದರೆ ಅದನ್ನು ದಾಟಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಧ್ವನಿಶಾಸ್ತ್ರದ ಸಾಮಾನ್ಯ ಲೆಕ್ಕ. ಹೊಸಬರು ಇಂಥ ಮನೆಯನ್ನು ‘ಕತ್ತಲೆ’ ಎಂದು ಬಿಟ್ಟು, ರಸ್ತೆಗೆ ಮುಖ ಮಾಡಿದ ಎರಡನೇ ಮಹಡಿಯ ಆರ್‌ಸಿಸಿ ಮನೆ ಹಿಡಿಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಹಗಲಿನ ಕಾವನ್ನು ಆ ಸ್ಲ್ಯಾಬು ರಾತ್ರಿಯಿಡೀ ಕೆಳಗೆ ಬಿಡುತ್ತದೆ. ಕಿಟಕಿ ತೆರೆಯದೆ ಮಲಗುವಂತಿಲ್ಲ, ತೆರೆದರೆ ಗೋಡೆ ಎಷ್ಟು ದಪ್ಪವಿದ್ದರೂ ಲೆಕ್ಕಕ್ಕಿಲ್ಲ. ನಮ್ಮ ಊರಿನಲ್ಲಿ ಸಪ್ಪಳದ ಪ್ರಶ್ನೆ ಸೆಖೆಯ ಪ್ರಶ್ನೆಯೂ ಹೌದು.

ಈಗ ಮಾಲೀಕರ ಹೊಣೆ. ಬಾಡಿಗೆ ಕರಾರು ಬಹುತೇಕ 11 ತಿಂಗಳಿನದು. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಹಾಗೆ. ಅದರಲ್ಲಿ ಮೊಳೆ ಹೊಡೆಯಬಾರದು ಎಂಬುದರಿಂದ ಸುಣ್ಣ ಬಣ್ಣದ ಖರ್ಚಿನವರೆಗೆ ಎಲ್ಲವೂ ಇರುತ್ತದೆ, ಸಪ್ಪಳದ ಸುದ್ದಿಯಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಒಂದು ಒಳ್ಳೆಯ ಮಾತು ಹೇಳುತ್ತದೆ: ತನಗೆ ತಿಳಿದಿರುವ, ಬಾಡಿಗೆದಾರನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವನಿಗೆ ಕಾಣದ ಮುಖ್ಯ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕು. ಸೋರುವ ಮಾಳಿಗೆಗೆ ಇದು ಅನ್ವಯಿಸುವುದರಲ್ಲಿ ಸಂಶಯವಿಲ್ಲ. ಪಕ್ಕದ ಮಂಗಲ ಕಾರ್ಯಾಲಯಕ್ಕೆ? ಅದು ಮನೆಯ ದೋಷವಲ್ಲ ಎಂದು ವಕೀಲರು ವಾದಿಸಬಹುದು. ಆದರೆ ಮನೆ ಹಿಡಿಯುವುದು ರಾತ್ರಿ ನಿದ್ದೆ ಮಾಡಲಿಕ್ಕೆ. ಮದುವೆ ಹಂಗಾಮಿನ ರಾತ್ರಿಗಳನ್ನು ಜುಲೈ ತಿಂಗಳ ಮಧ್ಯಾಹ್ನ ಮನೆ ನೋಡಲು ಬಂದವರು ಯಾವ ಎಚ್ಚರದಿಂದಲೂ ಕಂಡುಹಿಡಿಯಲಾರರು. ಆ ಕಲಮಿನ ಆತ್ಮವನ್ನು ಒಪ್ಪುವುದಾದರೆ ಸಪ್ಪಳವನ್ನೂ ಹೇಳಲೇಬೇಕು. ಹೇಳಿದ ಮೇಲೆ ಬಾಡಿಗೆ ಸ್ವಲ್ಪ ಇಳಿದರೆ ಅದೂ ನ್ಯಾಯವೇ. ಹೊಸಬರ ಪಾಲಿನ ಎಚ್ಚರವೂ ಉಂಟು: ರಾತ್ರಿ ಹತ್ತಕ್ಕೊಮ್ಮೆ, ನಸುಕಿಗೊಮ್ಮೆ ಆ ಓಣಿಯಲ್ಲಿ ನಡೆದು ನೋಡುವುದು, ಬಿಟ್ಟು ಹೋದ ಬಾಡಿಗೆದಾರರನ್ನು ಹುಡುಕಿ ಕೇಳುವುದು.

ಆದರೆ ಯಾರು ಎಷ್ಟು ಹೇಳಿದರೂ, ಎಷ್ಟು ಎಚ್ಚರ ವಹಿಸಿದರೂ ಒಪ್ಪಬಾರದ ಸಪ್ಪಳವೊಂದಿದೆ. ಹಲಗಿ, ಸನಾದಿ, ಭಜನೆ ಇವುಗಳ ಹಿಂದೆ ಮನುಷ್ಯನ ಕೈಯಿದೆ, ಉಸಿರಿದೆ. ಕೈ ಸೋಲುತ್ತದೆ, ಗಂಟಲು ಕಟ್ಟುತ್ತದೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೂ ಮೊಹರಮ್ಮಿನ ಕುಣಿತಕ್ಕೂ ಆ ದಣಿವೇ ಮೇರೆ ಹಾಕುತ್ತಿತ್ತು. ವಾಹನದ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳಿಗೆ ದಣಿವೆಂಬುದೇ ಇಲ್ಲ. ಅದರ ತಗ್ಗು ಸ್ವರದ ಗುದ್ದು ದಪ್ಪ ಗೋಡೆಯನ್ನೂ ದಾಟಿ ಎದೆಗೆ ತಾಗುತ್ತದೆ. ಇದನ್ನು ‘ಮೊದಲಿಂದನೂ ಹಿಂಗ’ ಎನ್ನುವುದು ಸುಳ್ಳು. ಹಬ್ಬ ಹಳೆಯದು, ಡಿಜೆ ನಿನ್ನೆ ಮೊನ್ನೆಯದು. ಕಾನೂನಿನಲ್ಲೂ ಗೊಂದಲವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಪೇಟೆ ಯಾವ ಪಟ್ಟಿಗೆ ಸೇರಬೇಕೆಂಬ ತಕರಾರು ಬೇಕಾದರೆ ಇರಲಿ, ಡಿಜೆ ಎರಡನ್ನೂ ಎಲ್ಲೋ ಕೆಳಗೆ ಬಿಟ್ಟು ಹೋಗಿರುತ್ತದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ 12 ಗಂಟೆವರೆಗೆ ಮಾತ್ರ ಸಡಿಲಿಸಬಹುದು. ಸುಪ್ರೀಂ ಕೋರ್ಟು 2005ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು: ಮಾತಾಡುವ ಹಕ್ಕಿದೆಯೆಂದು ಕೇಳಲೊಲ್ಲದವರ ಕಿವಿಗೆ ದನಿವರ್ಧಕ ಹಚ್ಚುವ ಹಕ್ಕು ಯಾರಿಗೂ ಇಲ್ಲ.

ಡಿಜೆಯಿಂದ ನರಳುವವರು ಹೊಸಬರು ಮಾತ್ರವೇ? ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆಗೆ ಕೂತ ಹುಡುಗಿ, ಬಾಣಂತಿ, ಬೈಪಾಸ್ ಆಗಿ ಮನೆಗೆ ಬಂದ ಅಜ್ಜ ಎಲ್ಲರೂ ಇದೇ ಓಣಿಯವರು. ಅವರು ಹೇಳುವುದಿಲ್ಲ. ಡಿಜೆ ತರಿಸುವ ಉತ್ಸವ ಮಂಡಳಿಗೆ ಪಟ್ಟಿ ಎತ್ತಲು ಬರುವವರು ಅವರ ಬೀಗರು, ಗೆಳೆಯರು, ಗಿರಾಕಿಗಳು. ಹೇಳುವ ಧೈರ್ಯ ಮಾಡುವುದು ಹಲವು ಸಲ ಓಣಿಯ ಹಂಗಿಲ್ಲದ ಬಾಡಿಗೆದಾರರೇ, ಮತ್ತು ಅವರನ್ನೇ ನಾವು ‘ಹೊರಗಿನವರು’ ಎಂದು ಬಾಯಿ ಮುಚ್ಚಿಸುತ್ತೇವೆ. ಅವರ ದೂರು ನಮ್ಮ ಮನೆಯೊಳಗಿನ ಮುದುಕರ ದೂರು ಕೂಡ.

ಆದರೆ ಬಾಡಿಗೆದಾರರ ನೆಲೆ ತೀರ ದುರ್ಬಲ. ದೂರು ಕೊಟ್ಟವರ ಹೆಸರು ಓಣಿಗೆ ಗೊತ್ತಾಯಿತೆಂದರೆ 11 ತಿಂಗಳು ಮುಗಿಯುವ ಮೊದಲೇ ಮಾಲೀಕರಿಂದ ಮನೆ ಬಿಡುವ ಸೂಚನೆ ಬರಬಹುದು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಧ್ವನಿವರ್ಧಕದ ದೂರು ಬಂದಾಗ ದೂರುದಾರರ ಗುರುತು ಕೇಳದೆ, ತಪ್ಪು ಮಾಡಿದವರಿಗೆ ಅದನ್ನು ಬಿಟ್ಟುಕೊಡದೆ ಕ್ರಮ ಕೈಗೊಳ್ಳಬೇಕೆಂದು ಪೊಲೀಸರಿಗೆ ಹೇಳಿದೆ. ವಿಜಯಪುರದ ಠಾಣೆಗಳೂ ಇದೇ ಪದ್ಧತಿ ಹಿಡಿಯಲಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 112ಕ್ಕೆ ಬಂದ ಕರೆಯ ನಂಬರು ಮಂಡಳಿಯವರ ಕಿವಿಗೆ ಬೀಳದಿದ್ದರೆ ಸಾಕು.